ಮಾಜಿ ಸೈನಿಕರನ್ನು ಒಗ್ಗೂಡಿಸಿದ ಕಾರ್ಯಪ್ಪ

ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂದ್ರೆ ನಮಗೆ ನೆನಪಾಗುವುದು 1949ರ ಜನವರಿ 15. ಅಂದು ಅವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಸಮವಸ್ತ್ರ ಕಳಚಿದ ಮೇಲೆ ಅವರು ಮಾಡಿದ ಕೆಲಸವನ್ನು ಮಾತ್ರ ನಾವು ಮರೆತಿದ್ದೇವೆ.

1899ರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಅವರು 1953ರಲ್ಲಿ ನಿವೃತ್ತರಾದರು. ಆಸ್ಟ್ರೇಲಿಯಾದಲ್ಲಿ ಹೈಕಮಿಷನರ್ ಆಗಿದ್ದು, ಬಳಿಕ ಮಡಿಕೇರಿಯ ಮನೆಗೆ ಮರಳಿದರು. ಆರಾಮವಾಗಿ ಇರಬಹುದಿತ್ತು. ಆದರೆ ಮಡಿಕೇರಿಯಾಗಲಿ, ಝಳಕಿಯಾಗಲಿ, ಊರಿಗೆ ಬಂದ ಸೈನಿಕನ ಪಾಡು ಒಂದೇ: ಪಿಂಚಣಿ ಕಾಗದಕ್ಕೆ ಅಲೆದಾಟ, ಅವನು ತೀರಿಕೊಂಡರೆ ಮಡದಿ-ಮಕ್ಕಳು ಒಂಟಿ. ಇಂಥವರೆಲ್ಲ ಒಟ್ಟಾಗಲಿ ಅಂತ 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗ್ ಸ್ಥಾಪಿಸಿದರು.

ಮರುವರ್ಷದ ಯುದ್ಧದಲ್ಲಿ ಪೈಲಟ್ ಆಗಿದ್ದ ಮಗನೇ ಪಾಕಿಸ್ತಾನದಲ್ಲಿ ಸೆರೆಯಾದ. ಹಿಂದೆ ಕಾರ್ಯಪ್ಪರ ಕೈಕೆಳಗೆ ದುಡಿದಿದ್ದ ಅಯೂಬ್ ಖಾನ್ ಆಗ ಅಲ್ಲಿನ ಅಧ್ಯಕ್ಷ. ಮಗನನ್ನು ಬಿಡುತ್ತೇನೆ ಅಂದರೂ ಇವರು ಒಪ್ಪಲಿಲ್ಲ. ಸೆರೆಯಲ್ಲಿದ್ದ ಎಲ್ಲ ಯೋಧರೂ ಅವರಿಗೆ ಮಕ್ಕಳೇ.

1993ರ ಮೇ 15ರಂದು ಅವರು ತೀರಿಕೊಂಡರು. ನಮ್ಮ ಜಮಾಅತ್‌ಗಳಲ್ಲಿ ಹಾಲ್ ಕಟ್ಟುವಾಗ, ಯುವಕರು ಕ್ಲಬ್ ಶುರು ಮಾಡುವಾಗ ಇದು ನೆನಪಿರಲಿ. ಸೇನೆಯಿಂದಲೋ ಗಲ್ಫಿನಿಂದಲೋ ಮರಳಿ ಬಂದ ಹಿರಿಯರಿಗೆ ಅಲ್ಲೊಂದು ಕುರ್ಚಿ, ಅರ್ಜಿ ಬರೆದುಕೊಡಲು ಒಬ್ಬ ಹುಡುಗ ಇದ್ದರೆ ಸಾಕು.