ಹೊಸ ವರ್ಷದ ಸಂಕಲ್ಪ ಮತ್ತು ಒಬ್ಬ ಪಾದ್ರಿಯ ಲೆಕ್ಕ

ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮದಲ್ಲಿ ಕಬ್ಬಾಳಮ್ಮನ ಎದುರು ಹರಕೆ ಹೊರುವವರೂ ಹರಕೆ ತೀರಿಸುವವರೂ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಹಿಂದೆ ಅರಸರು ತಮಗೆ ಬೇಡವಾದವರನ್ನು ಸೆರೆಯಿಡುತ್ತಿದ್ದ ಕಬ್ಬಾಳದುರ್ಗ ಊರಿನ ಬೆನ್ನಿಗೇ ಇದೆ. ಅದೇ ತಾಲ್ಲೂಕಿನಲ್ಲಿ, ಅರ್ಕಾವತಿಗೆ ಅಣೆಕಟ್ಟು ಕಟ್ಟಿರುವ ಹಾರೋಬೆಲೆಯಲ್ಲಿ, ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕ್ರೈಸ್ತರಿದ್ದಾರೆ. ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ಕ್ರೈಸ್ತರು ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ. ಮೊದಲು ಕಳೆದ ವರ್ಷಕ್ಕೆ ಕೃತಜ್ಞತೆ ಮತ್ತು ಆತ್ಮಶೋಧನೆ, ಆಮೇಲೆ ಬರುವ ವರ್ಷದ ಸಂಕಲ್ಪ. ಇಲ್ಲಿನ ಅನುಕ್ರಮ ಗಮನಾರ್ಹ. ಹಿಂದಿನದರ ಲೆಕ್ಕ ಒಪ್ಪಿಸದೆ ಮುಂದಿನದಕ್ಕೆ ಮಾತು ಕೊಡುವಂತಿಲ್ಲ.

ಸರ್ಕಾರಿ ಸೇವೆಯಲ್ಲಿದ್ದ ನನ್ನಂಥವರಿಗೆ ವರ್ಷ ಮುಗಿಯುತ್ತಿದ್ದುದು ಮಾರ್ಚ್ 31ಕ್ಕೆ. ಗುರಿ, ಸಾಧನೆ, ಶೇಕಡಾವಾರು ಎಂಬ ಕಲಮುಗಳ ತಃಖ್ತೆಯನ್ನು ಅಂದು ಮೇಲಿನ ಕಚೇರಿಗೆ ಕಳುಹಿಸಬೇಕಿತ್ತು. ಸಾಧನೆಯ ಅಂಕಿ ಗುರಿಯ ಅಂಕಿಗಿಂತ ತೀರ ಕೆಳಗಿಳಿದದ್ದನ್ನು ನಾನು ಕಂಡದ್ದು ಕಡಿಮೆ. ಹಾಗೊಮ್ಮೆ ಇಳಿದರೆ ಕಾರಣ ಬರೆಯಲು ಷರಾ ಕಲಮು ಇದ್ದೇ ಇತ್ತು. ಆದ್ದರಿಂದಲೇ ಇರಬೇಕು, ತನ್ನ ಜೀವಿತದ ಮುಖ್ಯ ಗುರಿ ಈಡೇರಲಿಲ್ಲವೆಂದು ಅಂಕಿಸಂಖ್ಯೆಗಳ ಸಮೇತ ಬರೆದು ಅಚ್ಚು ಹಾಕಿಸಿದ ಮನುಷ್ಯನೊಬ್ಬ ನನ್ನನ್ನು ಬಹುಕಾಲದಿಂದ ಕಾಡಿದ್ದಾನೆ. 1823ರ ಜನವರಿ 15ರಂದು ಭಾರತವನ್ನು ಬಿಟ್ಟು ಹಡಗು ಹತ್ತಿದ ಆ ಫ್ರೆಂಚ್ ಪಾದ್ರಿಯ ಹೆಸರು ಜಾನ್ ಆಂತ್ವಾನ್ ದುಬ್ವಾ. ನಮ್ಮ ಚರಿತ್ರೆಯ ಪುಸ್ತಕಗಳು ಅವರನ್ನು ಅಬ್ಬೆ ಡುಬೋಯ್ ಎಂದೂ ಕರೆಯುತ್ತವೆ. ಫ್ರೆಂಚಿನಲ್ಲಿ ಅಬ್ಬೆ ಎಂದರೆ ಪಾದ್ರಿ. ಹಳೆಯ ಕನ್ನಡ ಬಲ್ಲವರಿಗೆ ಅದು ತಾಯಿ ಎಂದು ಕೇಳಿಸಿದರೆ ಅಚ್ಚರಿಯಿಲ್ಲ.

ಫ್ರಾನ್ಸಿನ ಆರ್ದೆಷ್ ಪ್ರಾಂತದ ಸಾಂ ರೆಮೇಜ್ ಎಂಬ ಹಳ್ಳಿಯಲ್ಲಿ 1765ರ ಸುಮಾರಿಗೆ ಅವರು ಹುಟ್ಟಿದರು. ಪಾದ್ರಿಯಾಗಿ ದೀಕ್ಷೆ ಪಡೆದ 1792ರಲ್ಲೇ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದ ಪರವಾಗಿ ಭಾರತಕ್ಕೆ ಹೊರಟರು. ಫ್ರಾನ್ಸಿನ ಕ್ರಾಂತಿ ಪಾದ್ರಿಗಳ ಮೇಲೆ ತಿರುಗಿದ ವರ್ಷವದು. ಸ್ವದೇಶದಲ್ಲಿ ಉಳಿದಿದ್ದರೆ ಪ್ರಾಣ ಉಳಿಯುತ್ತಿತ್ತೆಂಬ ಭರವಸೆ ಇರಲಿಲ್ಲ. ಮೊದಲ ಕೆಲವು ವರ್ಷ ಪುದುಚೇರಿಯ ಮಿಷನ್ನಿಗೆ ಸೇರಿ ತಮಿಳು ನಾಡಿನಲ್ಲಿ ದುಡಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು.

ಬಂದಾಗ ಅವರ ಮುಂದಿದ್ದದ್ದು ಚದುರಿಹೋದ ಜನ. ಜೆಸ್ವಿಟ್ ಪಾದ್ರಿಗಳು ಹದಿನೇಳನೆಯ ಶತಮಾನದಲ್ಲಿ ಕಟ್ಟಿದ ಮೈಸೂರು ಮಿಷನ್, 1773ರಲ್ಲಿ ಪೋಪರೇ ಆ ಸಂಘವನ್ನು ರದ್ದುಪಡಿಸಿದಾಗ ದಿಕ್ಕಿಲ್ಲದಂತಾಗಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ, 1784ರಲ್ಲಿ, ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ಯಲಾಯಿತು. ಆ ಜನರ ಸಂಖ್ಯೆಯ ಬಗ್ಗೆ ಚರಿತ್ರಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಸೆರೆಯಲ್ಲಿ ಮತ ಬದಲಿಸಬೇಕಾಗಿ ಬಂದ ಅನೇಕರು ಮತ್ತೆ ಹಿಂದಿರುಗಲು ಬಯಸಿದ್ದರು. ಅವರನ್ನು ಕೂಡಿಸುವ ಹೊಣೆ ದುಬ್ವಾ ಅವರ ಪಾಲಿಗೆ ಬಂತು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ಚರ್ಚು ಇಂದಿಗೂ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ.

ಅವರು ಯುರೋಪಿಯನ್ನರ ಸಹವಾಸವನ್ನು ಆದಷ್ಟೂ ದೂರವಿಟ್ಟು ಈ ನೆಲದ ಉಡುಪು ತೊಟ್ಟರು, ಮಾಂಸಾಹಾರ ತೊರೆದರು. ಚಿತ್ರಕಾರ ಥಾಮಸ್ ಹಿಕಿ 1820ರಲ್ಲಿ ಬರೆದ ಭಾವಚಿತ್ರದಲ್ಲಿರುವುದು ನಿಲುವಂಗಿ, ಪೇಟ ಧರಿಸಿ ಕೈಯಲ್ಲಿ ಬಿದಿರಿನ ಕೋಲು ಹಿಡಿದ ಮುದುಕ. ಜನ ಅವರನ್ನು ದೊಡ್ಡಸ್ವಾಮಿಯವರು ಎನ್ನುತ್ತಿದ್ದರು. ನಿರ್ಗತಿಕರಾದ ಕ್ರೈಸ್ತರಿಗಾಗಿ ಅವರು ಕೃಷಿ ನೆಲೆಗಳನ್ನು ಸ್ಥಾಪಿಸಿದರು. ಉಪದೇಶಕ್ಕಿಂತ ಮೊದಲು ಉಳುಮೆ ಎಂಬ ಈ ಕ್ರಮದ ಬಗ್ಗೆ ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ವಿಶೇಷ ಗೌರವವಿದೆ. ಯುದ್ಧಾನಂತರದ ಪುನರ್ವಸತಿ ಎಂಬ ಪದ ಆಡಳಿತದ ನಿಘಂಟಿಗೆ ಬರುವುದಕ್ಕೆ ಬಹಳ ಹಿಂದಿನ ಮಾತು ಇದು.

ಆದರೆ ಅವರ ಬದುಕಿನಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಸಿಡುಬಿನ ಪ್ರಕರಣದ ಬಳಿ. ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಲಸಿಕೆ ಹಾಕುವ ಪ್ರಯೋಗ ನಡೆಸಿದ್ದು 1796ರಲ್ಲಿ. 1802ರ ಜೂನ್‌ನಲ್ಲಿ ಅದು ಮುಂಬಯಿಯಲ್ಲಿ ಮೂರು ವರ್ಷದ ಮಗುವೊಂದಕ್ಕೆ ಯಶಸ್ವಿಯಾಗಿ ತಗುಲಿತು. ಅಲ್ಲಿಂದ ಮುಂದೆ ಅದನ್ನು ಸಾಗಿಸುವ ಬಗೆಯೇ ವಿಚಿತ್ರವಾದದ್ದು. ಇಂದಿನಂತೆ ಶೀತಲ ಪೆಟ್ಟಿಗೆಗಳಿಲ್ಲ. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನಕ್ಕೆ ಗುಳ್ಳೆ ಬಲಿಯುತ್ತದೆ. ಅದರ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಹಾಕಬೇಕು. ಎಂಟು ದಿನಕ್ಕೊಂದು ಹೊಸ ತೋಳು ಸಿಗದಿದ್ದರೆ ಸರಪಳಿ ಕಡಿದುಹೋಗುತ್ತದೆ. ಯಾವ ಜಾತಿಯ ಮಗುವಿನ ಮೈಯಿಂದ ಯಾವ ಜಾತಿಯ ಮಗುವಿನ ಮೈಗೆ ಎಂಬ ಪ್ರಶ್ನೆಯನ್ನು ಅಂದಿನ ನಮ್ಮ ಹಳ್ಳಿಗಳಲ್ಲಿ ಕಲ್ಪಿಸಿಕೊಳ್ಳಿ. ಜೊತೆಗೆ ಸಿಡುಬು ಬರಿಯ ರೋಗವಾಗಿರಲಿಲ್ಲ. ಅದು ಅಮ್ಮನ ಬರವು. ಮನೆಗೆ ಬಂದ ದೇವಿಗೆ ಬೇವು, ತಂಪು, ಹರಕೆ ಒಪ್ಪಿಸಬೇಕೇ ಹೊರತು ತಡೆಗೋಡೆ ಕಟ್ಟುವುದು ಅಪಚಾರ. ನಮ್ಮ ಭಾಷೆಯಾದರೂ ಹೇಗೆ ಇದನ್ನು ಅರಗಿಸಿಕೊಂಡಿತು ನೋಡಿ. ಲಸಿಕೆಗೂ ಜನ ದೇವಿ ಹಾಕಿಸುವುದು ಎಂದೇ ಕರೆದರು.

ಇಂಥ ಜನರ ನಡುವೆ ಅನ್ಯ ಮತದ ಪಾದ್ರಿಯೊಬ್ಬರು ಲಸಿಕೆಯ ಕೆಲಸಕ್ಕೆ ಇಳಿದರು. ಅದು ದಿವಾನ್ ಪೂರ್ಣಯ್ಯನವರ ಆಡಳಿತದ ಕಾಲ. 1803 ಮತ್ತು 1804ರಲ್ಲಿ ದುಬ್ವಾ ಅವರ ಮೂಲಕ ಲಸಿಕೆ ಪಡೆದವರು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಎಂದು ದಾಖಲೆಯಾಯಿತು. ಅದೇ ಹಿಕಿ 1805ರಲ್ಲಿ ಮೈಸೂರಿನ ರಾಣಿಯರ ಚಿತ್ರ ಬರೆದರು. ಅದರಲ್ಲಿ ಕಿರಿಯ ರಾಣಿಯೊಬ್ಬರು ಸೆರಗು ಸರಿಸಿ ಲಸಿಕೆಯ ಜಾಗವನ್ನು ತೋರುತ್ತಿದ್ದಾರೆಂದು ಈಚಿನ ಕೆಲವು ವಿದ್ವಾಂಸರು ವಾದಿಸಿದ್ದಾರೆ. ಅರಮನೆ ಮುಂದೆ ಬಂದದ್ದು ಜನರ ಅಂಜಿಕೆಯನ್ನು ಎಷ್ಟು ಕಳೆಯಿತೋ ಅಳೆಯುವುದು ಕಷ್ಟ. ಆದರೆ ತೋಳಿನಿಂದ ತೋಳಿಗೆ ದಾಟಿಸುತ್ತ ಆ ಸಂಖ್ಯೆಯನ್ನು ಮುಟ್ಟುವುದು ಎಂಥ ಸಂಘಟನೆ ಎಂಬುದನ್ನು ಜಿಲ್ಲಾ ಮಟ್ಟದಲ್ಲಿ ಲಸಿಕೆ ಅಭಿಯಾನ ನಡೆಸಿದ ಯಾರಾದರೂ ಬಲ್ಲರು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಜಗತ್ತು ಅದರಿಂದ ಮುಕ್ತವಾಯಿತೆಂದು ಘೋಷಿಸಿದ್ದು 1980ರಲ್ಲಿ.

ದುಬ್ವಾ ಅವರನ್ನು ಪ್ರಸಿದ್ಧರನ್ನಾಗಿಸಿದ್ದು ಮಾತ್ರ ಇದಾವುದೂ ಅಲ್ಲ. ಹಿಂದೂಗಳ ಆಚಾರ, ಸಂಪ್ರದಾಯ ಮತ್ತು ವಿಧಿಗಳನ್ನು ಕುರಿತ ದೊಡ್ಡ ಗ್ರಂಥ. ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಹಸ್ತಪ್ರತಿಯನ್ನು ಮೆಚ್ಚಿದರು. ಈಸ್ಟ್ ಇಂಡಿಯಾ ಕಂಪನಿ ಅದನ್ನು 2,000 ವರಹ ಕೊಟ್ಟು ಕೊಂಡಿತು. 1816ರಲ್ಲಿ ಇಂಗ್ಲಿಷ್ ಅನುವಾದ ಲಂಡನ್ನಿನಲ್ಲಿ ಪ್ರಕಟವಾಯಿತು. ಬ್ರಾಹ್ಮಣರ ಬಗ್ಗೆ ಅದರಲ್ಲಿರುವ ಕಟುವಾದ ಮಾತುಗಳನ್ನು ಓದುವಾಗ ಇಂದಿನ ಓದುಗ ಮುಖ ಸಿಂಡರಿಸಬಹುದು. ಅದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಅವರಿಗಿಂತ ಹಿಂದೆ ದಕ್ಷಿಣ ಭಾರತದಲ್ಲಿದ್ದ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಬರಹವನ್ನೇ ದುಬ್ವಾ ಬಹುಮಟ್ಟಿಗೆ ಬಳಸಿಕೊಂಡರೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ತನ್ನ ಸೋಲನ್ನು ಮುಚ್ಚಿಡದ ಮನುಷ್ಯ ತನ್ನ ಸಾಲವನ್ನು ಮುಚ್ಚಿಟ್ಟ. ಇದು ಸಣ್ಣ ತಪ್ಪಲ್ಲ, ಮತ್ತು ಅವರ ಪ್ರಾಮಾಣಿಕತೆಯನ್ನು ಹೊಗಳುವವರು ಇದನ್ನು ಬಿಟ್ಟು ಮಾತನಾಡಬಾರದು.

ಇನ್ನು ಆ ಲೆಕ್ಕದ ವಿಷಯ. ಭಾರತ ಬಿಟ್ಟ ವರ್ಷವೇ, 1823ರಲ್ಲಿ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಗತಿ ಕುರಿತ ಅವರ ಪತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಇಷ್ಟು ದೀರ್ಘ ಕಾಲದಲ್ಲಿ, ಒಬ್ಬ ದೇಶೀಯ ಪಾದ್ರಿಯ ನೆರವಿನೊಂದಿಗೆ, ತಾವು ಹೊಸದಾಗಿ ಮತಕ್ಕೆ ತಂದವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರ ಎಂದು ಅವರು ಬರೆದರು. ಅವರಲ್ಲಿಯೂ ಬಹುಪಾಲು ಜನ ಜಾತಿಯಿಂದ ಹೊರಗಿಟ್ಟವರು, ಭಿಕ್ಷುಕರು. ನಂಬಿಕೆಗಿಂತ ಅಗತ್ಯ ಅವರನ್ನು ಕರೆತಂದಿತ್ತು ಎಂಬುದನ್ನೂ ಮರೆಮಾಚಲಿಲ್ಲ. ಇದ್ದ ಸ್ಥಿತಿಯಲ್ಲಿ ಹಿಂದೂಗಳ ಮತಾಂತರ ಅಸಾಧ್ಯವೆಂಬುದು ಅವರ ತೀರ್ಮಾನ. ಜಾತಿಯ ಬಿಗಿಯೊಂದೇ ಅದಕ್ಕೆ ಕಾರಣವೆಂದು ಅವರು ಹೇಳಲಿಲ್ಲ. ಇಲ್ಲಿಗೆ ಬಂದ ಯುರೋಪಿಯನ್ನರ ನಡತೆಗೇಡಿತನವೂ ಕ್ರೈಸ್ತಧರ್ಮದ ಹೆಸರು ಕೆಡಿಸಿತ್ತು ಎಂದರು. ಅದೇ ಪುಸ್ತಕದಲ್ಲಿ, ಹಿಂದೂ ಸ್ತ್ರೀಪುರುಷರನ್ನು ಹೀನಾಯವಾಗಿ ಚಿತ್ರಿಸಿದ್ದ ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರಿಗೆ ಉತ್ತರ ಕೊಟ್ಟು ಹಿಂದೂಗಳ ಪರವಾಗಿಯೂ ವಾದಿಸಿದರು.

ಇಂಗ್ಲೆಂಡಿನ ಮಿಷನರಿ ವಲಯಕ್ಕೆ ಸಹಜವಾಗಿಯೇ ಸಿಟ್ಟು ಬಂತು. ಮರುವರ್ಷವೇ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಮೊದಲಾದವರು ಖಂಡನ ಗ್ರಂಥಗಳನ್ನು ಬರೆದರು. ದುಬ್ವಾ ನಿರಾಶಾವಾದಿ ಎಂದರು. ತಮ್ಮ ಸೋಲನ್ನು ಎಲ್ಲರ ಸೋಲೆಂದು ಸಾರಿದರು ಎಂದರು. ಈ ಆಕ್ಷೇಪದಲ್ಲಿ ಹುರುಳಿದೆ. ಒಬ್ಬ ಮನುಷ್ಯನ ಮೂವತ್ತು ವರ್ಷದ ಅನುಭವದಿಂದ ಒಂದು ಉಪಖಂಡದ ಭವಿಷ್ಯ ನುಡಿಯುವುದು ದುಡುಕೇ ಸರಿ. ಆದರೆ ನನ್ನ ತಕರಾರು ಬೇರೆ. ಅವರ ಲೆಕ್ಕದಲ್ಲಿ ಒಂದೇ ಕಲಮು ಇತ್ತು. ಗದ್ದೆಗೆ ಇಳಿದ ಕುಟುಂಬಗಳು, ಮತ್ತೆ ಕೂಡಿಕೊಂಡ ಸಭೆಗಳು, ಸಿಡುಬಿನಿಂದ ಉಳಿದ ಮಕ್ಕಳು ಆ ಕಲಮಿನಲ್ಲಿ ಹಿಡಿಸಲಿಲ್ಲ. ಲಸಿಕೆ ಪಡೆದ ಇಪ್ಪತ್ತೈದು ಸಾವಿರ ಮಂದಿಯಲ್ಲಿ ಎಷ್ಟು ಜನ ಯಾವ ಮತದವರೆಂದು ವಿಂಗಡಿಸುವ ಅಗತ್ಯವೇ ಇರಲಿಲ್ಲ. ರೋಗಿಯನ್ನು ಕಂಡುಬರುವುದು, ಹಸಿದವನಿಗೆ ಉಣಿಸುವುದು ಅವರ ಶಾಸ್ತ್ರದ ಪ್ರಕಾರ ಪ್ರಭುವಿಗೇ ಸಲ್ಲುವ ಸೇವೆ. ಹಾಗಿದ್ದೂ ತಮ್ಮ ಕೆಲಸವನ್ನು ತೂಗುವಾಗ ಅವರು ಆ ತಕ್ಕಡಿಯನ್ನು ಎತ್ತಿಕೊಳ್ಳಲಿಲ್ಲ.

ಕನಕಪುರ ಸೀಮೆಯಲ್ಲಿ ಈ ಪ್ರಶ್ನೆ ಹಳತಾಗಿಲ್ಲ. 2019ರ ಡಿಸೆಂಬರ್‌ನಲ್ಲಿ ಹಾರೋಬೆಲೆಯ ಕಪಾಲ ಬೆಟ್ಟದಲ್ಲಿ ಯೇಸುವಿನ ಪ್ರತಿಮೆಗೆ ಶಿಲಾನ್ಯಾಸ ನಡೆದಾಗ ಎದ್ದ ವಿವಾದ ಓದುಗರಿಗೆ ನೆನಪಿರಬಹುದು. ಎರಡೂ ಕಡೆಯವರು ಎಣಿಸುತ್ತಿದ್ದುದು ತಲೆಗಳನ್ನೇ, ಪ್ರತಿಮೆಯಾದರೆ ಅಡಿಗಳನ್ನು. ಹೊಸ ವರ್ಷದ ಆರಾಧನೆಗೆ ಕೂಡುವ ಸಾಮಾನ್ಯ ಕ್ರೈಸ್ತ ಕುಟುಂಬದ ಸಂಕಲ್ಪಗಳು ಇಷ್ಟು ದೊಡ್ಡವಲ್ಲ. ಮಾತು ಬಿಟ್ಟ ಅಣ್ಣನ ಮನೆಗೆ ಹೋಗುವುದು, ಕುಡಿತ ಬಿಡುವುದು, ಹಾಸಿಗೆ ಹಿಡಿದ ನೆರೆಯವರನ್ನು ವಾರಕ್ಕೊಮ್ಮೆ ನೋಡಿಬರುವುದು. ಇವನ್ನು ಯಾವ ತಃಖ್ತೆಗೂ ಏರಿಸಲಾಗದು. ಆದರೆ ಮುಂದಿನ ಡಿಸೆಂಬರಿನಲ್ಲಿ ಕೇಳಿದರೆ ಹೌದು ಅಥವಾ ಇಲ್ಲ ಎಂದು ಉತ್ತರ ಹೇಳಬಹುದು.

ದುಬ್ವಾ ಅವರಿಗೆ ಕಂಪನಿ ಪಿಂಚಣಿ ನೀಡಿತು. ಅವರು ಮತ್ತೆ ಭಾರತಕ್ಕೆ ಬರಲಿಲ್ಲ. ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು. ಪೂರ್ವದೇಶಗಳಿಗೆ ಪಾದ್ರಿಗಳನ್ನು ತಯಾರು ಮಾಡುವ ಪ್ಯಾರಿಸ್ಸಿನ ಅದೇ ಸೆಮಿನರಿಯಲ್ಲಿ ನಿರ್ದೇಶಕರಾದರು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿದ್ದರು. ಅಸಾಧ್ಯವೆಂದು ತಾವೇ ಬರೆದ ಕೆಲಸಕ್ಕೆ ವರ್ಷ ವರ್ಷವೂ ಹರೆಯದ ಹುಡುಗರನ್ನು ಹಡಗು ಹತ್ತಿಸಿದ ಸಂಸ್ಥೆಯದು. ಅವರಿಗೆ ಅಲ್ಲಿ ಏನು ಹೇಳಿಕೊಟ್ಟಿರಬಹುದು ಎಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. ಮತಬೋಧೆಯ ಜೊತೆಗೆ ತೋಳಿಗೆ ಲಸಿಕೆ ಹಾಕುವುದನ್ನೂ ಹೇಳಿರಬಹುದೆಂದು ನಂಬಲು ನನಗೆ ಇಷ್ಟ. 1848ರ ಫೆಬ್ರುವರಿ 17ರಂದು ಅವರು ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಒಂದು ಕ್ರಾಂತಿಯ ನಡುವೆ ಊರು ಬಿಟ್ಟಿದ್ದವರು. ಅವರು ಕಣ್ಣುಮುಚ್ಚಿ ವಾರ ತುಂಬುವುದರೊಳಗೆ ಆ ನಗರದ ಬೀದಿಗಳಲ್ಲಿ ಇನ್ನೊಂದು ಕ್ರಾಂತಿ ಶುರುವಾಯಿತು.