ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ಹಾಸನದಿಂದ ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಸುಮಾರು 40 ಕಿಲೋಮೀಟರು ದೂರ. ಎತ್ತಿನ ಗಾಡಿಯ ಕಾಲದಲ್ಲಿ ಅದು ಒಂದು ಹಗಲಿನ ಪಯಣ. ಅಷ್ಟು ದೂರವನ್ನು, ಅದಕ್ಕಿಂತಲೂ ತುಸು ಹೆಚ್ಚನ್ನೇ, ಎಲ್ಲಿಯೂ ನಿಲ್ಲದೆ ಮೂರು ಗಂಟೆಗೂ ಕಡಿಮೆ ಸಮಯದಲ್ಲಿ ಓಡಿ ಮುಗಿಸುವುದೆಂದರೆ ಅದು ಸಾಮಾನ್ಯ ಸಾಹಸವಲ್ಲ. 1920 ರಲ್ಲಿ ಯೂರೋಪಿನ ಬೆಲ್ಜಿಯಂ ದೇಶದಲ್ಲಿ, ಸುರಿಯುವ ಮಳೆಯಲ್ಲಿ, ಜಗತ್ತಿನ ಹೆಸರಾಂತ ಓಟಗಾರರ ನಡುವೆ ಇಂಥ ಸಾಹಸವನ್ನು ಮೆರೆದವರು ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರು. ಒಲಿಂಪಿಕ್ ಕ್ರೀಡೆಗಳಿಗೆ ಭಾರತವು ಮೊತ್ತಮೊದಲು ಕಳುಹಿಸಿದ ತಂಡದಲ್ಲಿ ಅವರೂ ಒಬ್ಬರು.

ಅವರ ಹೆಸರಿನಲ್ಲಿಯೇ ಅವರ ನಾಡಿನ ಗುರುತು ಇದೆ. ಫಡೆಪ್ಪ, ದಾರೆಪ್ಪ ಎಂಬ ಹೆಸರುಗಳ ಕೊನೆಯಲ್ಲಿರುವ 'ಅಪ್ಪ' ಅಚ್ಚ ಕನ್ನಡದ್ದು. ಚೌಗುಲೆ ಎಂಬುದು ಹಿಂದಿನ ಕಾಲದಲ್ಲಿ ಊರಿನ ಪಾಟೀಲನಿಗೆ ನೆರವಾಗುತ್ತಿದ್ದ ಗ್ರಾಮಾಧಿಕಾರಿಯ ಹುದ್ದೆಯ ಹೆಸರು. ಮರಾಠಿ ಆಡಳಿತದ ಕಾಲದಿಂದ ಉಳಿದು ಬಂದುದು. ಎರಡು ಭಾಷೆಗಳು ಒಂದೇ ಮನೆಯಂಗಳದಲ್ಲಿ ಬೆರೆತು ಬಾಳಿದ ಸೀಮೆ ಬೆಳಗಾವಿ. ಕುಸ್ತಿಯ ಅಖಾಡ, ತಾಲೀಮು, ಸಾಮುಗಳಿಗೆ ಆ ಸೀಮೆ ಹೆಸರುವಾಸಿಯಾದುದು. ಆಗ ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಅಲ್ಲಿಯ ತರುಣರು ಹೆಸರು ಮಾಡಬೇಕಾದರೆ ರೈಲು ಹತ್ತಿ ಪುಣೆಯ ಕಡೆಗೆ ಹೋಗಬೇಕಾಗುತ್ತಿತ್ತು.

ಪುಣೆಯಲ್ಲಿ 1906 ರಲ್ಲಿ ಸ್ಥಾಪಿತವಾದ ಡೆಕ್ಕನ್ ಜಿಮ್ಖಾನ ಎಂಬ ಸಂಸ್ಥೆ ಇತ್ತು. ಉದ್ಯಮಿ ಜಮಶೇಟಜಿ ಟಾಟಾ ಅವರ ಹಿರಿಯ ಮಗ ಸರ್ ದೊರಾಬ್ಜಿ ಟಾಟಾ ಅವರು ಅದರ ಅಧ್ಯಕ್ಷರಾಗಿದ್ದರು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಓದುವಾಗಲೇ ಅವರಿಗೆ ಆಟೋಟಗಳ ರುಚಿ ಹತ್ತಿತ್ತು. 1919 ರಲ್ಲಿ ಜಿಮ್ಖಾನವು ಏರ್ಪಡಿಸಿದ ಕ್ರೀಡಾಕೂಟದಲ್ಲಿ ಅವರು ಒಂದು ಸೋಜಿಗವನ್ನು ಕಂಡರು. ಓಡಲು ಬಂದವರಲ್ಲಿ ಬಹುಮಂದಿ ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಅವರಿಗೆ ಹೊಟ್ಟೆತುಂಬ ಪುಷ್ಟಿಕರವಾದ ಆಹಾರವಿರಲಿಲ್ಲ, ಕಾಲಿಗೆ ಪಾದರಕ್ಷೆಯಿರಲಿಲ್ಲ, ಓಟದ ನಿಯಮಗಳಾಗಲಿ ಶಾಸ್ತ್ರೀಯ ಶಿಕ್ಷಣವಾಗಲಿ ಅವರ ಕಿವಿಗೇ ಬಿದ್ದಿರಲಿಲ್ಲ. ಆದರೂ ಅವರಲ್ಲಿ ಕೆಲವರು ದೂರದ ಓಟಗಳಿಗೆ ತೆಗೆದುಕೊಂಡ ಸಮಯವು ಯೂರೋಪಿನ ಓಟಗಾರರ ಸಮಯಕ್ಕೆ ಸಮೀಪವಾಗಿತ್ತು. ಇವರಿಗೆ ಸರಿಯಾದ ಅವಕಾಶ ದೊರೆತರೆ ಏನಾದೀತು ಎಂಬ ಯೋಚನೆ ದೊರಾಬ್ಜಿಯವರ ಮನಸ್ಸನ್ನು ಹೊಕ್ಕಿತು. ಮುಂದಿನ ವರ್ಷವೇ ಒಲಿಂಪಿಕ್ ಕ್ರೀಡೆಗಳು ನಡೆಯಲಿದ್ದವು. ಮುಂಬಯಿ ಪ್ರಾಂತದ ಗವರ್ನರರಾಗಿದ್ದ ಸರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತವು ಅವುಗಳಲ್ಲಿ ಭಾಗವಹಿಸಲು ಅನುಮತಿ ದೊರೆಯಿತು.

ಅನುಮತಿ ದೊರೆತ ಮಾತ್ರಕ್ಕೆ ದಾರಿ ಸುಗಮವಾಗಲಿಲ್ಲ. ಅಂದಿನ ನಮ್ಮ ಜನರಿಗೆ ಒಲಿಂಪಿಕ್ ಕ್ರೀಡೆಗಳ ಪರಿಚಯ ಎಷ್ಟು ಕಡಿಮೆಯಿತ್ತೆಂಬುದಕ್ಕೆ ಒಂದು ಪ್ರಸಂಗವನ್ನು ಹೇಳುವುದುಂಟು. ನೂರು ಮೀಟರು ಓಟದಲ್ಲಿ ಅರ್ಹತೆ ಪಡೆಯಲು ಎಷ್ಟು ಸಮಯದೊಳಗೆ ಓಡಬೇಕು ಎಂಬ ಪ್ರಶ್ನೆ ಬಂದಾಗ, ಸಂಸ್ಥೆಯ ಹಿರಿಯ ಸದಸ್ಯರೊಬ್ಬರು ಒಂದೆರಡು ನಿಮಿಷ ಸಾಕೆಂದು ಹೇಳಿದರಂತೆ. ಅಲ್ಲಿ ಲೆಕ್ಕವಿರುವುದು ನಿಮಿಷಗಳದ್ದಲ್ಲ, ಸೆಕೆಂಡುಗಳದ್ದು, ಸೆಕೆಂಡಿನ ಅಂಶಗಳದ್ದು ಎಂದು ತಿಳಿದಾಗ ಅವರು ಬೆರಗಾದರಂತೆ. ಆ ಹಿರಿಯರನ್ನು ಕಂಡು ನಗುವುದು ಸುಲಭ. ಆದರೆ ಬಿಸಿಲು ಏರುವುದನ್ನು ನೋಡಿ ಹೊತ್ತನ್ನು ಅಳೆಯುತ್ತಿದ್ದ ನಾಡಿನಲ್ಲಿ, ಸೆಕೆಂಡಿನ ಹತ್ತನೆಯ ಒಂದಂಶಕ್ಕೆ ಬೆಲೆಯುಂಟೆಂಬುದು ಯಾರಿಗೆ ತಾನೆ ಹೊಳೆದೀತು?

ಪರೀಕ್ಷಾ ಓಟಗಳು ನಡೆದು ಕೊನೆಗೆ ಆರು ಮಂದಿ ಆಯ್ಕೆಯಾದರು. ಓಟಕ್ಕೆ ಬಂಗಾಳದ ಪೂರ್ಮಾ ಬ್ಯಾನರ್ಜಿ, ಸತಾರೆಯ ದಾತಾರ್, ಕೈಕಿಣಿ ಮತ್ತು ಬೆಳಗಾವಿಯ ಚೌಗುಲೆ. ಕುಸ್ತಿಗೆ ಕುಮಾರ ನವಲೆ ಮತ್ತು ರಣಧೀರ ಶಿಂದೆ. ಖರ್ಚಿನ ದೊಡ್ಡ ಪಾಲನ್ನು ದೊರಾಬ್ಜಿಯವರು ತಮ್ಮ ಸ್ವಂತ ಹಣದಿಂದಲೇ ಕೊಟ್ಟರು. 1920 ರ ಬೇಸಗೆಯಲ್ಲಿ ತಂಡವು ಮುಂಬಯಿಯಲ್ಲಿ ಹಡಗು ಹತ್ತಿತು. ವಾರಗಟ್ಟಲೆ ಕಡಲ ಪ್ರಯಾಣ ಮಾಡಿ ಇಂಗ್ಲೆಂಡನ್ನು ಸೇರಿ, ಲಂಡನ್ನಿನಲ್ಲಿ ಕೆಲವು ವಾರಗಳ ಕಾಲ ಆಂಗ್ಲ ಶಿಕ್ಷಕನೊಬ್ಬನ ಕೈಕೆಳಗೆ ಅಭ್ಯಾಸ ನಡೆಸಿತು. ಕಣ್ಣಿಗೆ ಕಾಣುವುದೆಲ್ಲವೂ ಹೊಸದು: ಹವೆ, ಊಟ, ಮಾತು, ರೀತಿನೀತಿ. ಮಣ್ಣಿನ ಹಾದಿಯಲ್ಲಿ ಓಡಿ ಬೆಳೆದ ಕಾಲುಗಳಿಗೆ ಕಲ್ಲು ಹಾಸಿದ ಗಟ್ಟಿ ರಸ್ತೆಯು ಒಗ್ಗುವುದಕ್ಕೆ ಕಾಲ ಬೇಕು. ಆ ಕಾಲ ಅವರಿಗೆ ಹೆಚ್ಚಾಗಿ ಸಿಕ್ಕಲಿಲ್ಲ.

ತಾಯ್ನಾಡಿನಲ್ಲಿಯೂ ಅದು ಸಾಮಾನ್ಯ ಕಾಲವಾಗಿರಲಿಲ್ಲ. 1920 ರ ಆಗಸ್ಟ್ 1 ರಂದು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ತೀರಿಕೊಂಡರು. ಗಾಂಧೀಜಿಯವರ ಅಸಹಕಾರ ಚಳವಳಿ ಆರಂಭವಾದುದೂ ಅದೇ ದಿನ. ದೇಶವು ಬ್ರಿಟಿಷರ ಆಳ್ವಿಕೆಯನ್ನು ಪ್ರಶ್ನಿಸುತ್ತಿದ್ದ ಆ ದಿನಗಳಲ್ಲಿಯೇ, ಬ್ರಿಟಿಷ್ ಭಾರತದ ಬಾವುಟವನ್ನು ಹಿಡಿದ ಬ್ಯಾನರ್ಜಿಯವರ ಹಿಂದೆ ಈ ಪುಟ್ಟ ತಂಡವು ಬೆಲ್ಜಿಯಮ್ಮಿನ ಆಂಟ್ವರ್ಪ್ ನಗರದ ಕ್ರೀಡಾಂಗಣವನ್ನು ಪ್ರವೇಶಿಸಿತು. ಬಾವುಟ ಯಾರದ್ದೇ ಆಗಿರಲಿ, ಭಾರತ ಎಂಬ ಹೆಸರು ಅಲ್ಲಿ ಬೇರೆಯಾಗಿಯೇ ಕೇಳಿಬಂದಿತು. 1900 ರಲ್ಲಿ ಪ್ಯಾರಿಸಿನಲ್ಲಿ ಕಲ್ಕತ್ತೆಯ ನಾರ್ಮನ್ ಪ್ರಿಚರ್ಡ್ ಎಂಬುವರು ಎರಡು ಬೆಳ್ಳಿಯ ಪದಕಗಳನ್ನು ಗೆದ್ದಿದ್ದರಾದರೂ, ಅವರು ಒಬ್ಬಂಟಿಯಾಗಿ ಓಡಿದವರು. ತಂಡವಾಗಿ ಹೋದವರು ಇವರೇ ಮೊದಲು.

ಮೊದಲನೆಯ ಮಹಾಯುದ್ಧ ಮುಗಿದು ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಯುದ್ಧದಲ್ಲಿ ನೊಂದ ಬೆಲ್ಜಿಯಮ್ಮನ್ನು ಗೌರವಿಸಲೆಂದೇ ಕ್ರೀಡೆಗಳನ್ನು ಅಲ್ಲಿಗೆ ಕೊಡಲಾಗಿತ್ತು. ಐದು ಉಂಗುರಗಳ ಒಲಿಂಪಿಕ್ ಧ್ವಜವು ಕ್ರೀಡೆಗಳಲ್ಲಿ ಮೊದಲ ಬಾರಿಗೆ ಹಾರಿದುದು ಅಲ್ಲಿಯೇ. ಸ್ಪರ್ಧಿಗಳ ಪರವಾಗಿ ಮೊದಲ ಪ್ರತಿಜ್ಞೆ ನಡೆದುದೂ ಅಲ್ಲಿಯೇ. ಇಟಲಿಯ ಹದಿನೆಂಟರ ಹರೆಯದ ತರುಣ ಊಗೊ ಫ್ರಿಜೇರಿಯೊ ಎಂಬಾತನು ನಡಿಗೆಯ ಎರಡು ಸ್ಪರ್ಧೆಗಳನ್ನೂ ಗೆದ್ದನು. ನಡಿಗೆಯ ಸ್ಪರ್ಧೆ ನೋಡಲು ಸುಲಭವಾಗಿ ಕಂಡರೂ ಬಲು ಕಠಿನವಾದುದು. ಯಾವ ಕ್ಷಣದಲ್ಲಿಯೂ ಎರಡು ಪಾದಗಳೂ ಒಟ್ಟಿಗೆ ನೆಲವನ್ನು ಬಿಡಕೂಡದು. ಬಿಟ್ಟರೆ ಅದು ಓಟವಾಗುತ್ತದೆ, ಸ್ಪರ್ಧಿಯನ್ನು ಹೊರಗೆ ಹಾಕುತ್ತಾರೆ. ಫ್ರಿಜೇರಿಯೊ ಮೂರು ಸಾವಿರ ಮೀಟರಿನ ಸ್ಪರ್ಧೆಗೆ ಮುನ್ನ ತನಗೆ ಬೇಕಾದ ಸಂಗೀತದ ಹಾಳೆಗಳನ್ನು ವಾದ್ಯಮೇಳದವರ ಕೈಗೆ ಕೊಟ್ಟು, ಅದರ ತಾಳಕ್ಕೆ ಹೆಜ್ಜೆ ಹಾಕಿದನೆಂದು ಪ್ರಸಿದ್ಧಿ.

ಆಗಸ್ಟ್ 22 ರಂದು ಮ್ಯಾರಥಾನ್ ಓಟ. ಆ ಓಟದ ದೂರ ಆಗಿನ್ನೂ ಒಂದೇ ಅಳತೆಗೆ ನಿಂತಿರಲಿಲ್ಲ. ಇಂದಿನ 42.195 ಕಿಲೋಮೀಟರಿನ ಅಳತೆ ನಿಶ್ಚಿತವಾದುದು 1921 ರಲ್ಲಿ. ಆಂಟ್ವರ್ಪಿನಲ್ಲಿ ಗೊತ್ತುಮಾಡಿದ್ದುದು 42.75 ಕಿಲೋಮೀಟರು, ಒಲಿಂಪಿಕ್ ಇತಿಹಾಸದಲ್ಲಿಯೇ ಅತಿ ಉದ್ದನೆಯ ಮ್ಯಾರಥಾನ್ ಅದು. ಆ ದಿನ ಚಳಿ, ಜಿನುಗುವ ಮಳೆ. ಒದ್ದೆಯಾದ ಹಾದಿಯ ಮೇಲೆ 48 ಮಂದಿ ಹೊರಟರು.

ಮುಂದಾಳುಗಳಲ್ಲಿ ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್ ಇದ್ದರು. ಅವರು 1912 ರಲ್ಲಿಯೇ ಮೂರು ಚಿನ್ನದ ಪದಕಗಳನ್ನು ಗೆದ್ದ ವೀರರು. ದಕ್ಷಿಣ ಆಫ್ರಿಕದ ಗಿಟ್ಷಮ್ ಎಂಬುವರು ಅವರೊಡನೆ ಸರಿಸಮವಾಗಿ ಓಡಿ, ಬಳಿಕ ಪಾದರಕ್ಷೆ ಹರಿದು, ಕಾಲು ನೊಂದು ಹಿಂದೆ ಬಿದ್ದರು. ಕೋಲೆಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡುಗಳಲ್ಲಿ ಗೆದ್ದರು. ಎಸ್ಟೋನಿಯದ ಲಾಸ್ಮನ್ ಅವರಿಗಿಂತ ಹದಿಮೂರು ಸೆಕೆಂಡುಗಳಷ್ಟು ಮಾತ್ರ ಹಿಂದಿದ್ದರು. ಮೂರನೆಯವರಾಗಿ ಬಂದ ಇಟಲಿಯ ಅರ್ರಿ ಎಂಬುವರು ಅಷ್ಟು ದೂರ ಓಡಿದ ಮೇಲೂ ಸಂತೋಷ ತಡೆಯಲಾರದೆ ಲಾಗ ಹಾಕಿದರಂತೆ.

ಇವರೆಲ್ಲರ ಹಿಂದೆ, ಮಳೆಯಲ್ಲಿ ನೆನೆಯುತ್ತ, ಚೌಗುಲೆಯವರು ಓಡುತ್ತಿದ್ದರು. ಜತೆಗಾರ ದಾತಾರರು ನಡುದಾರಿಯಲ್ಲಿ ಓಟವನ್ನು ಬಿಡಬೇಕಾಯಿತು. ಆ ಮೇಲೆ ಆ ಹಾದಿಯಲ್ಲಿ ಭಾರತದವರೆಂದರೆ ಚೌಗುಲೆ ಒಬ್ಬರೇ. ಎಡಬಲದಲ್ಲಿ ನಿಂತ ಜನರಲ್ಲಿ ಅವರ ಭಾಷೆ ಬಲ್ಲವರಿಲ್ಲ. ಮೂವತ್ತು ಕಿಲೋಮೀಟರು ದಾಟಿದ ಮೇಲೆ ಮ್ಯಾರಥಾನ್ ಓಟಗಾರನ ಮೈಯಲ್ಲಿ ಕೂಡಿಟ್ಟ ಶಕ್ತಿ ಬರಿದಾಗುತ್ತ ಬರುತ್ತದೆ; ಅಲ್ಲಿಂದ ಮುಂದೆ ಕಾಲುಗಳು ಒಲ್ಲೆನೆಂದರೂ ಮನಸ್ಸು ಎಳೆದುಕೊಂಡು ಹೋಗಬೇಕು. ಹದಿಮೂರು ಮಂದಿಗೆ ಅಂದು ಓಟವನ್ನು ಮುಗಿಸಲಾಗಲಿಲ್ಲ. ಚೌಗುಲೆಯವರು ಮುಗಿಸಿದರು. ಅವರು ತೆಗೆದುಕೊಂಡ ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು; ಪಡೆದ ಸ್ಥಾನ ಹತ್ತೊಂಬತ್ತನೆಯದು. ಲೆಕ್ಕ ಹಾಕಿ ನೋಡಿದರೆ ಒಂದೊಂದು ಕಿಲೋಮೀಟರನ್ನು ಸುಮಾರು ನಾಲ್ಕು ನಿಮಿಷಗಳಲ್ಲಿ, ಅಂಥ ನಲವತ್ತೆರಡಕ್ಕೂ ಹೆಚ್ಚು ಕಿಲೋಮೀಟರುಗಳನ್ನು ಒಂದರ ಮೇಲೊಂದರಂತೆ ಓಡಿದ ಹಾಗಾಯಿತು. ಗೆದ್ದವರಿಗೂ ಅವರಿಗೂ ನಡುವೆ ಇದ್ದ ಅಂತರ ಹದಿನೆಂಟು ನಿಮಿಷ. ಹಲವು ವರ್ಷಗಳ ಶಿಕ್ಷಣಕ್ಕೂ ಕೆಲವೇ ವಾರಗಳ ಶಿಕ್ಷಣಕ್ಕೂ ಇದ್ದ ಅಂತರವೂ ಅದೇ ಎನ್ನಬಹುದು.

ಪದಕವನ್ನು ಆ ತಂಡ ತರಲಿಲ್ಲ. ಕುಸ್ತಿಯಲ್ಲಿ ಶಿಂದೆಯವರು ಕಂಚಿನ ಪದಕದ ಹತ್ತಿರ ಬಂದು, ಬ್ರಿಟನ್ನಿನ ಮಲ್ಲನಿಗೆ ಸೋತರು. ಆದರೆ ಆಂಟ್ವರ್ಪಿನಿಂದ ಹಿಂದಿರುಗಿದವರು ಬರಿಗೈಯಲ್ಲಿ ಬಂದರೆನ್ನುವುದು ಸರಿಯಲ್ಲ. ಭಾರತದ ಓಟಗಾರನು ಮೊದಲ ಪ್ರಯತ್ನದಲ್ಲಿಯೇ ಇಷ್ಟು ಮಾಡಬಲ್ಲನೆಂಬುದು ದೊರಾಬ್ಜಿಯವರಿಗೆ ಖಚಿತವಾಯಿತು. ಮದರಾಸಿನಲ್ಲಿ ವ್ಯಾಯಾಮ ಶಿಕ್ಷಣದ ಶಾಲೆಯನ್ನು ಕಟ್ಟಿದ ಹ್ಯಾರಿ ಬಕ್ ಮೊದಲಾದವರು ಅವರೊಡನೆ ಕೈಗೂಡಿಸಿದರು. 1924 ರಲ್ಲಿ ದೆಹಲಿಯಲ್ಲಿ ಅಖಿಲ ಭಾರತ ಕ್ರೀಡಾಕೂಟ ನಡೆದು, ಅಲ್ಲಿಂದ ಆಯ್ದ ಸ್ಪರ್ಧಿಗಳು ಪ್ಯಾರಿಸಿನ ಒಲಿಂಪಿಕ್ ಕ್ರೀಡೆಗಳಿಗೆ ಹೋದರು. 1927 ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪಿತವಾಯಿತು. ದೊರಾಬ್ಜಿಯವರೇ ಅದರ ಮೊದಲ ಅಧ್ಯಕ್ಷರಾದರು. ಮರುವರ್ಷವೇ ಆಮ್ಸ್ಟರ್ಡ್ಯಾಮಿನಲ್ಲಿ ಹಾಕಿ ತಂಡವು ಭಾರತಕ್ಕೆ ಚಿನ್ನವನ್ನು ಗಳಿಸಿಕೊಟ್ಟಿತು.

ಹಾಕಿಯ ಕೀರ್ತಿ ಬೆಳೆದಂತೆ ಬೆಳಗಾವಿಯ ಓಟಗಾರರ ಹೆಸರು ಮರೆಗೆ ಸರಿಯಿತು. ಓಟವು ಒಬ್ಬೊಂಟಿಯ ಕಲೆ. ಹತ್ತೊಂಬತ್ತನೆಯವನಾಗಿ ಬಂದವನಿಗೆ ಹಾರ ಹಾಕುವವರು ಕಡಿಮೆ. ಆದರೆ ಆ ಹತ್ತೊಂಬತ್ತನೆಯ ಸ್ಥಾನದ ಬೆಲೆಯನ್ನು ಅನಂತರದ ವರ್ಷಗಳೇ ತೋರಿಸಿದವು. 1924 ರಲ್ಲಿ ಪ್ಯಾರಿಸಿನಲ್ಲಿ ಮಹಾದೇವ ಸಿಂಗರು ಇಪ್ಪತ್ತೊಂಬತ್ತನೆಯವರಾದರು. ಆ ಬಳಿಕ ಸ್ವಾತಂತ್ರ್ಯ ಬಂದಿತು, ಒಳ್ಳೆಯ ಮೈದಾನಗಳಾದವು, ಶಿಕ್ಷಕರು ಬಂದರು. ಆದರೂ ಒಲಿಂಪಿಕ್ ಮ್ಯಾರಥಾನಿನಲ್ಲಿ ಚೌಗುಲೆಯವರಿಗಿಂತ ಮುಂದಿನ ಸ್ಥಾನ ಭಾರತೀಯರೊಬ್ಬರಿಗೆ ದೊರೆತುದು 1976 ರಲ್ಲಿ. ಆ ವರ್ಷ ಕೆನಡದ ಮಾಂಟ್ರಿಯಲ್ ನಗರದಲ್ಲಿ ಶಿವನಾಥ ಸಿಂಗರು ಹನ್ನೊಂದನೆಯವರಾಗಿ ಗುರಿ ಮುಟ್ಟಿದರು. ಆ ವೇಳೆಗೆ ಆಂಟ್ವರ್ಪಿನ ಮಳೆಯ ದಿನ ಕಳೆದು ಐವತ್ತಾರು ವರ್ಷಗಳಾಗಿದ್ದವು.