ಕೌದಿಯ ನಾಲ್ಕು ಮೂಲೆ, ಕ್ವಿಲ್ಟಿನ ಕಾಲು ಅಂಗುಲ

ಮಕ್ಕಳೇ, ನಿಮ್ಮಲ್ಲಿ ಕೆಲವರು ಶಾಲೆಯಲ್ಲೋ ಊರಿನ ಲೈಬ್ರರಿಯಲ್ಲೋ ಕ್ವಿಲ್ಟ್ ಹೊಲಿಯುವುದನ್ನು ಕಲಿಯುತ್ತಿದ್ದೀರಿ. ಅಲ್ಲಿ ಮೊದಲ ದಿನವೇ ಕಿವಿಗೆ ಬೀಳುವ ಮಾತು ‘ಕಾಲು ಅಂಗುಲ’. ಎರಡು ತುಂಡು ಬಟ್ಟೆ ಜೋಡಿಸುವಾಗ ಅಂಚಿನಿಂದ ಕಾಲು ಅಂಗುಲ ಒಳಗೆ ಹೊಲಿಗೆ ಬೀಳಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ನಿಮ್ಮ ಅಜ್ಜಿ, ಮುತ್ತಜ್ಜಿಯರು ಸ್ಕೇಲನ್ನೇ ಮುಟ್ಟದೆ ಇಂಥದೇ ಹೊದಿಕೆ ಹೊಲಿಯುತ್ತಿದ್ದರು. ಅದು ಕೌದಿ. ಕೌದಿ ಹೇಗೆ ಹುಟ್ಟುತ್ತದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಆಮೇಲೆ, ಮನೆಯಲ್ಲಿರುವ ಹಳೆಯ ಸೀರೆಯಿಂದ ಅಳತೆ ತಪ್ಪದ ಒಂದು ಕ್ವಿಲ್ಟ್ ಚೌಕ ಹೊಲಿಯುವುದನ್ನು ನೋಡೋಣ.

ಕೌದಿಯ ಸೀಮೆಯೊಂದನ್ನು ನೋಡಲು ನಕ್ಷೆ ತೆರೆದು ಹೈದರಾಬಾದಿನಿಂದ ನೈಋತ್ಯಕ್ಕೆ ಬೆರಳು ಸರಿಸಿ. ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ, ಕೋಸಗಿಯ ಹತ್ತಿರ ಗುಂಡುಮಾಲ್ ಸಿಗುತ್ತದೆ. ಇನ್ನಷ್ಟು ಪಶ್ಚಿಮಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಗುರುಮಠಕಲ್. ದಕ್ಷಿಣಕ್ಕೆ ಮಕ್ತಲ್, ಅದನ್ನು ದಾಟಿ ಕೃಷ್ಣಾ ನದಿ, ಆಚೆ ದಡಕ್ಕೆ ರಾಯಚೂರು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ರಾಯಚೂರು, ಗುಲ್ಬರ್ಗ, ಮಹಬೂಬನಗರ ಇವೆಲ್ಲ ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಗಡಿ ಗೆರೆ ಆಮೇಲೆ ಬಂತು, ಕೊಟ್ಟು ತರುವ ಸಂಬಂಧಗಳು ಹಾಗೇ ಉಳಿದವು. ಹಾಗಾಗಿ ಈ ಸೀಮೆಯಲ್ಲಿ ಒಂದೇ ಹೊದಿಕೆಯನ್ನು ತೆಲುಗಿನವರು ಬೊಂತ ಎನ್ನುತ್ತಾರೆ, ಕನ್ನಡದವರು ಕೌದಿ ಎನ್ನುತ್ತಾರೆ. ಹೊಲಿಯುವ ಕೈಗಳಿಗೆ ಎರಡೂ ಒಂದೇ.

ಕೌದಿಗೆ ಹೊಸ ಬಟ್ಟೆ ತರುವುದಿಲ್ಲ. ಉಟ್ಟು ಒಗೆದು ಮೆತ್ತಗಾದ ಸೀರೆ, ಧೋತರ, ಹರಿದ ಲಂಗ, ಅಂಗಿ, ಕುಬಸದ ತುಂಡು ಎಲ್ಲ ಗಂಟಿನಲ್ಲಿ ಕೂಡಿಟ್ಟಿರುತ್ತಾರೆ. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದಾಗ ಗಂಟು ಬಿಚ್ಚುತ್ತಾರೆ. ಗಟ್ಟಿಯಾಗಿರುವ ಸೀರೆ ತಳಕ್ಕೆ, ತೀರ ಜೀರ್ಣವಾದವು ಒಳಗೆ, ಬಣ್ಣ ಚೆನ್ನಾಗಿರುವ ತುಂಡುಗಳು ಮೇಲಕ್ಕೆ. ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಪದರಗಳನ್ನು ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಗಾಳಿಗೆ ಹಾರದಂತೆ ಮೂಲೆಗಳಿಗೆ ಕಲ್ಲು ಇಡುತ್ತಾರೆ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ, ಆಮೇಲೆ ದಪ್ಪ ದಾರದ ಸಣ್ಣ ಸಣ್ಣ ಓಟದ ಹೊಲಿಗೆ. ಅಂಚಿಗೆ ಸಮನಾಗಿ ಸಾಲು ಹಿಡಿದು, ಬೆರಳಗಲ ಬಿಟ್ಟು ಇನ್ನೊಂದು ಸಾಲು, ಮತ್ತೆ ಇನ್ನೊಂದು. ಈ ಹೊಲಿಗೆಯೇ ಎಲ್ಲ ಪದರಗಳನ್ನೂ ಹಿಡಿದಿಡುವುದು. ಸಾಲು ವಿರಳವಾದರೆ ಒಳಗಿನ ಹಳೆ ಬಟ್ಟೆ ಒಗೆತಕ್ಕೆ ಜಾರಿ ಒಂದೆಡೆ ಗಂಟಾಗುತ್ತದೆ. ಮಹಾನವಮಿಯ ಹೊತ್ತಿಗೆ ಮನೆ ಮಂದಿಯ ಹಾಸಿಗೆಯೆಲ್ಲ ಹಳ್ಳಕ್ಕೆ ಹೋಗಿ ಬಂಡೆಯ ಮೇಲೆ ಬಡಿಸಿಕೊಳ್ಳುತ್ತದೆ, ಕೌದಿ ಅದನ್ನು ತಡೆದುಕೊಳ್ಳಬೇಕು.

ಇಲ್ಲಿ ಅಳತೆಗೋಲು ಗೇಣು, ಮೊಳ, ಬೆರಳು. ಒಂದೇ ಕೌದಿಯ ನಾಲ್ಕೂ ಕಡೆ ನಾಲ್ವರು ಹೆಣ್ಣುಮಕ್ಕಳು ಕೂತು ಹೊಲಿಯುವುದುಂಟು. ಅತ್ತಿಗೆಯ ಸಾಲು ಓರೆಯಾದರೆ ನಾದಿನಿಯ ಕಣ್ಣಿಗೆ ಆಗಲೇ ಬೀಳುತ್ತದೆ, ಅಲ್ಲೇ ತಿದ್ದುತ್ತಾರೆ. ಊರೂರು ತಿರುಗಿ ಕೂಲಿಗೆ ಕೌದಿ ಹೊಲಿದುಕೊಡುವ ಗೊಂದಲಿಗರಂಥ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳೂ ಇದ್ದಾರೆ. ಅವರ ಕೈಯ ಹೊಲಿಗೆ ಗೆರೆ ಎಳೆದ ಹಾಗಿರುತ್ತದೆ. ಅವರ ಹೆಸರು ಯಾವ ಕೌದಿಯ ಮೇಲೂ ಇಲ್ಲದಿರುವುದು ನನಗೆ ನೋವಿನ ವಿಷಯ.

ಕರ್ನಾಟಕದ ಇನ್ನೊಂದು ಮೂಲೆಯ ಕೌದಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಂಚಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎನ್ನುತ್ತಾರೆ. ಅದರಲ್ಲಿ ಕ್ವಿಲ್ಟಿನ ಹಾಗೆ ಚೌಕಗಳನ್ನು ಬೇರೆ ಬೇರೆ ಹೊಲಿದು ಕೊನೆಗೆ ಕೂಡಿಸುವುದಿಲ್ಲ. ತಳಕ್ಕೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಒಂದು ತುಂಡಿನ ಅಂಚನ್ನು ಒಳಗೆ ಮಡಚಿ, ಪಕ್ಕದ ತುಂಡಿನ ಮೇಲೆ ಕೂರಿಸಿ, ತಳದ ಬಟ್ಟೆಯ ಸಮೇತ ಹೊಲಿಯುತ್ತಾರೆ. ಮುಂದಿನ ತುಂಡಿನ ಅಳತೆಯನ್ನು ಹಿಂದಿನದು ಹೇಳುತ್ತದೆ. ಅರ್ಧ ಬೆರಳು ಹೆಚ್ಚುಕಮ್ಮಿ ಆದರೆ ಅದು ಅಲ್ಲಿಗೇ ನಿಂತಿತು, ಮುಂದಕ್ಕೆ ಹರಿಯುವುದಿಲ್ಲ. ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಬಟ್ಟೆಯ ಹೂವು ಹೊಲಿದರೇನೇ ಕವಂದಿ ಮುಗಿದ ಹಾಗೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವರ ನಡುವೆ ಇದ್ದು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕವಂದಿಗಳ ಪ್ರದರ್ಶನ ನಡೆಯಿತು. ಹಳೆ ಬಟ್ಟೆಗೆ ಹೀಗೆ ಮರುಹುಟ್ಟು ಕೊಡುವುದು ಅಮೆರಿಕದಲ್ಲೂ ಉಂಟು. ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕರಿಯ ಹೆಣ್ಣುಮಕ್ಕಳು ಹೊಲದಲ್ಲಿ ಉಟ್ಟು ಸವೆದ ಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳ ಚಿತ್ರವನ್ನು ಅಮೆರಿಕದ ಅಂಚೆ ಇಲಾಖೆ 2006ರಲ್ಲಿ ಸ್ಟಾಂಪಿಗೆ ಹಾಕಿತು. ಆ ಕ್ವಿಲ್ಟುಗಳನ್ನೂ ಕವಂದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಹಾಗಾದರೆ ನಮಗೇಕೆ ಸ್ಕೇಲು? ನಾವು ಒಂದು ಬಟ್ಟೆಯ ಸುತ್ತ ಕೂತವರಲ್ಲ. ಈ ಸಲ ನಮ್ಮ ಕನ್ನಡ ಕೂಟದಿಂದ ಎಲ್ಲರೂ ಸೇರಿ ಒಂದು ಕೌದಿ ಮಾಡೋಣ ಎಂದುಕೊಂಡಿದ್ದೇವೆ. ಒಂದೊಂದು ಮನೆಯಿಂದ ಒಂದೊಂದು ಚೌಕ. ಬೇರೆ ಬೇರೆ ಊರುಗಳಲ್ಲಿ, ಒಬ್ಬರ ಕೆಲಸ ಇನ್ನೊಬ್ಬರು ನೋಡದೆ ಹೊಲಿಯುತ್ತೇವೆ. ನಾದಿನಿಯ ಕಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಾಲು ಅಂಗುಲ ಮಾಡಬೇಕು. ಲೆಕ್ಕ ನೋಡಿ: ಒಂದು ಸಾಲಿನಲ್ಲಿ 9 ತುಂಡು ಇದ್ದರೆ 8 ಹೊಲಿಗೆ. ಪ್ರತಿ ಹೊಲಿಗೆಯೂ 1/16 ಅಂಗುಲ ಒಳಗೆ ಸರಿದರೆ, ಎರಡೂ ಕಡೆಯ ತುಂಡಿನಿಂದ ಸೇರಿ 1/8 ಅಂಗುಲ ಹೋಗುತ್ತದೆ. ಎಂಟು ಹೊಲಿಗೆಗೆ ಪೂರ್ತಿ ಒಂದು ಅಂಗುಲ ಮಾಯ.

ಬಟ್ಟೆಯಿಂದ ಶುರು ಮಾಡೋಣ. ಮನೆಯಲ್ಲಿ ನಾರಾಯಣಪೇಟೆಯ ಹತ್ತಿ ಸೀರೆ ಹಳೆಯದು ಇದ್ದರೆ ನಿಮ್ಮ ಅದೃಷ್ಟ. ಅದರ ಮೈಮೇಲೆ ಚೌಕಳಿ, ಅಂಚಿಗೆ ಬೇರೆ ಬಣ್ಣ. ಚೌಕಳಿಯ ಗೆರೆ ಮಗ್ಗದ ಮೇಲೇ ನೇರವಾಗಿ ಬಂದಿರುತ್ತದೆ, ಅದೇ ನಿಮ್ಮ ಮೊದಲ ಸ್ಕೇಲು. ಗದ್ವಾಲ್ ಸೀರೆಯ ಮೈ ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯದು. ಎರಡೂ ಒಗೆತಕ್ಕೆ ಒಂದೇ ಥರ ಕುಗ್ಗುವುದಿಲ್ಲ, ಆದ್ದರಿಂದ ಮೈಯ ಭಾಗವನ್ನಷ್ಟೇ ತೆಗೆದುಕೊಳ್ಳಿ. ಅಮ್ಮನನ್ನು ಕೇಳದೆ ಯಾವ ಸೀರೆಗೂ ಕತ್ತರಿ ಹಾಕಬೇಡಿ. ಕೆಂಪು, ಕಪ್ಪು ಬಣ್ಣ ಬಿಡುತ್ತದೋ ಏನೋ, ಮೊದಲೇ ಬೇರೆಯಾಗಿ ಒಗೆದು ನೋಡಿ.

ಹಳೆಯ ಸೀರೆ ತೆಳ್ಳಗಿರುತ್ತದೆ, ಜಾರುತ್ತದೆ. ಮಷಿನ್ನಿನ ಕೆಳಗೆ ಹಿಗ್ಗಿ ಅಳತೆ ಕೆಡಿಸುತ್ತದೆ. ಇದಕ್ಕೆ ಅಜ್ಜಿಯ ಮದ್ದೇ ಮದ್ದು: ಅನ್ನದ ಗಂಜಿಯನ್ನು ತೆಳ್ಳಗೆ ಸೋಸಿ, ಬಟ್ಟೆ ಅದ್ದಿ, ನೆರಳಿನಲ್ಲಿ ಒಣಗಿಸಿ ಇಸ್ತ್ರಿ ಮಾಡಿ. ಕಾಗದದಂತೆ ಬಿರುಸಾಗುತ್ತದೆ, ಕೈ ಹೇಳಿದಂತೆ ಕೇಳುತ್ತದೆ. ಇಸ್ತ್ರಿಯನ್ನು ಉಜ್ಜಬೇಡಿ. ಇಟ್ಟು, ಒತ್ತಿ, ಎತ್ತಿ ಮುಂದೆ ಇಡಿ. ಉಜ್ಜಿದರೆ ಬಟ್ಟೆ ಓರೆಯಾಗಿ ಎಳೆದುಕೊಳ್ಳುತ್ತದೆ.

ಬಟ್ಟೆಯಲ್ಲಿ ಹಾಸಿನ ಎಳೆ ಉದ್ದಕ್ಕೆ, ಹೊಕ್ಕಿನ ಎಳೆ ಅಡ್ಡಕ್ಕೆ. ಈ ಎರಡರ ಗುಂಟ ಕತ್ತರಿಸಿದ ಅಂಚು ಹಿಗ್ಗುವುದು ಕಡಿಮೆ, ಟೈಲರ್‌ಗಳು ಕ್ರಾಸ್ ಎನ್ನುವ ಓರೆಯ ಕಡೆ ಬಹಳ ಹಿಗ್ಗುತ್ತದೆ. ಹತ್ತಿ ಬಟ್ಟೆಗೆ ಸಣ್ಣ ಕಚ್ಚು ಹಾಕಿ ಹರಿದರೆ ಅದು ಎಳೆಯ ಗುಂಟವೇ ಹರಿಯುತ್ತದೆ. ಅದಕ್ಕಿಂತ ನೇರವಾದ ಗೆರೆ ಯಾವ ಕತ್ತರಿಯಿಂದಲೂ ಬರುವುದಿಲ್ಲ. ಹಾಗೆ ಹರಿದ ಅಂಚಿನ ಮೇಲೆ ಕ್ವಿಲ್ಟಿನ ಪಾರದರ್ಶಕ ಸ್ಕೇಲು ಇಟ್ಟು 4½ ಅಂಗುಲದ 9 ಚೌಕ ಕತ್ತರಿಸಿ, 5 ಒಂದು ಬಣ್ಣ, 4 ಇನ್ನೊಂದು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ತಂದ ಚಕ್ರದ ಬ್ಲೇಡಿನ ರೋಟರಿ ಕಟರ್ ಇದ್ದರೆ ಕೆಲಸ ಸುಲಭ. ಅದನ್ನು ದೊಡ್ಡವರ ಎದುರಿಗೇ ಹಿಡಿಯಬೇಕು, ಕತ್ತರಿಸಿದ ಕೂಡಲೇ ಬ್ಲೇಡು ಮುಚ್ಚಬೇಕು. ಅಳತೆ ನೋಡುವುದು ಸ್ಕೇಲಿನ ಗೆರೆಯಿಂದ, ಕೆಳಗೆ ಹಾಸುವ ಕಟಿಂಗ್ ಮ್ಯಾಟಿನ ಗೆರೆಯಿಂದ ಅಲ್ಲ.

ಹೊಲಿಯುವ ಮುಂಚೆ ಪರೀಕ್ಷೆ. 1½ ಅಂಗುಲ ಅಗಲದ ಮೂರು ಪಟ್ಟಿ ಕತ್ತರಿಸಿ ಪಕ್ಕಪಕ್ಕ ಹೊಲಿದು ಇಸ್ತ್ರಿ ಮಾಡಿ. ಒಟ್ಟು ಅಗಲ 3½ ಅಂಗುಲ, ನಡುವಿನ ಪಟ್ಟಿ ಸರಿಯಾಗಿ 1 ಅಂಗುಲ ಇರಬೇಕು. ಕಡಿಮೆ ಬಂದರೆ, ಹೊಲಿಗೆಯ ಹತ್ತಿರ ಬಟ್ಟೆ ಮಡಚುವಾಗ ಒಂದೆರಡು ಎಳೆಯಷ್ಟು ಅಗಲವನ್ನು ಮಡಿಕೆಯೇ ತಿಂದಿರುತ್ತದೆ. ಅದಕ್ಕೇ ಕಾಲು ಅಂಗುಲಕ್ಕಿಂತ ಒಂದೆಳೆ ಈಚೆಗೇ ಹೊಲಿಯಬೇಕು. ಮಷಿನ್ನಿನಲ್ಲಿ ಸೂಜಿಯಿಂದ ಅಷ್ಟು ದೂರ ಅಳೆದು ಮಾಸ್ಕಿಂಗ್ ಟೇಪ್ ಅಂಟಿಸಿ, ಬಟ್ಟೆಯ ಅಂಚು ಅದಕ್ಕೆ ತಾಕಿಕೊಂಡೇ ಹೋಗಲಿ. ಕಣ್ಣು ಸೂಜಿಯ ಮೇಲಲ್ಲ, ಟೇಪಿನ ಮೇಲಿರಲಿ. ಕೈಯಲ್ಲಿ ಹೊಲಿಯುವವರು ಬಟ್ಟೆಯ ಹಿಂಬದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಎರಡೂ ತುದಿಗೆ ಗುಂಡುಸೂಜಿ ಚುಚ್ಚಿ, ಗೆರೆಯ ಮೇಲೇ ಓಟದ ಹೊಲಿಗೆ ಹಾಕಿ. ಈ ಹೊಲಿಗೆ ಕೌದಿಯದೇ, ಸ್ವಲ್ಪ ಸಣ್ಣದು.

ಮೂರು ಮೂರು ಚೌಕದ ಮೂರು ಸಾಲು ಮಾಡಿಕೊಳ್ಳಿ. ಮೇಲಿನ ಮತ್ತು ಕೆಳಗಿನ ಸಾಲಿನಲ್ಲಿ ಹಿಂದಿನ ಮಡಿಕೆಗಳನ್ನು ಎಡಕ್ಕೆ, ನಡುವಿನ ಸಾಲಿನಲ್ಲಿ ಬಲಕ್ಕೆ ಒತ್ತಿ. ಸಾಲುಗಳನ್ನು ಮುಖಾಮುಖಿ ಇಟ್ಟಾಗ ಎಡ ಬಲದ ಮಡಿಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕೂರುತ್ತವೆ. ಬೆರಳಿಂದ ಸವರಿದರೆ ಉಬ್ಬು ತಗಲದು. ಅಲ್ಲಿ ಗುಂಡುಸೂಜಿ ಚುಚ್ಚಿ ಹೊಲಿದರೆ ನಾಲ್ಕು ಚೌಕಗಳ ಮೂಲೆಗಳು ಒಂದೇ ಬಿಂದುವಿನಲ್ಲಿ ಸೇರುತ್ತವೆ. ಮೊದಲ ಸಲ ಹಾಗೆ ಕೂಡಿದ್ದನ್ನು ನೋಡುವ ಸಂತೋಷವೇ ಬೇರೆ.

ತ್ರಿಕೋನ ಬೇಕೆನ್ನುವ ದೊಡ್ಡ ಮಕ್ಕಳು 5 ಅಂಗುಲದ ಎರಡು ಬಣ್ಣದ ಚೌಕಗಳನ್ನು ಮುಖಾಮುಖಿ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಬದಿಗೆ ಕಾಲು ಅಂಗುಲದಲ್ಲಿ ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಎರಡು ತ್ರಿಕೋನದ ಎರಡು ಚೌಕ ಸಿಗುತ್ತವೆ. ಅವನ್ನು 4½ಕ್ಕೆ ತಿದ್ದಿ. ಓರೆ ಅಂಚು ಕತ್ತರಿಸುವ ಮುಂಚೆಯೇ ಹೊಲಿಗೆ ಬಿದ್ದಿರುವುದರಿಂದ ಹಿಗ್ಗುವ ಭಯ ಇಲ್ಲ. ಬಾಣಂತಿಯ ಕೂಸಿಗೆ ಗುಳೇದಗುಡ್ಡದ ಖಣದ (ಕುಬಸದ ಬಟ್ಟೆಯ) ತುಂಡುಗಳಿಂದ ಹೊಲಿಯುವ ಕುಲಾಯಿ, ಕುಂಚಿಗೆ ಎಂಬ ಟೋಪಿಗಳನ್ನು ಊರಿಗೆ ಹೋದಾಗ ಕೇಳಿ ನೋಡಿ. ಅಷ್ಟು ಚಿಕ್ಕ ತುಂಡನ್ನು ಅಷ್ಟು ಅಚ್ಚುಕಟ್ಟಾಗಿ ಕೂಡಿಸುವುದು ಎಷ್ಟು ಕಷ್ಟ ಎಂದು ಆಗ ನಿಮಗೇ ಗೊತ್ತಾಗುತ್ತದೆ.

ಮುಗಿದ ಚೌಕ ನಾಲ್ಕೂ ಕಡೆ 12½ ಅಂಗುಲ ಇರಲಿ. ಅಂಚು ಮಡಚಿ ಹೊಲಿಯಬೇಡಿ, ಆ ಕಾಲು ಅಂಗುಲ ಪಕ್ಕದ ಮನೆಯ ಚೌಕಕ್ಕೆ ಸೇರಬೇಕಾದದ್ದು. ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ನಿಮ್ಮ ಹೆಸರು, ಸೀರೆ ಯಾರದು, ಯಾವ ಊರಿನದು ಎಂದು ಕನ್ನಡದಲ್ಲಿ ಬರೆಯಿರಿ. ಅಳತೆ ಕಡಿಮೆ ಬಂದರೆ ಬಿಚ್ಚಿ ಬೇಸರ ಮಾಡಿಕೊಳ್ಳದೆ ಹಾಗೇ ತನ್ನಿ. ಕೊನೆಯಲ್ಲಿ ಎಲ್ಲರೂ ಒಂದೇ ಬಟ್ಟೆಯ ಸುತ್ತ ಕೂತಾಗ, ಆ ಚೌಕದ ಸುತ್ತ ಒಂದು ಪಟ್ಟಿ ಹೊಲಿದು ಕೂಡಿಸಿಕೊಳ್ಳೋಣ.